ಅವರೆಕಾಯಿ ಗುಂಪು: ನನ್ನ ಅನುಭವ

ಸ್ತನ ಕ್ಯಾನ್ಸರ್ ಆದ ಕನ್ನಡದ ಹೆಂಗಸರನ್ನು ಒಟ್ಟಿಗೆ ಕೂರಿಸಲು ಹೋಗಿ ಮೊದಲ ಆರು ತಿಂಗಳಲ್ಲಿ ನಾನು ಕಳೆದುಕೊಂಡದ್ದು ಹೆಚ್ಚುಕಮ್ಮಿ 900 ಡಾಲರ್. ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಹಾಲ್ ಬಾಡಿಗೆಯೇ ಸಲಕ್ಕೆ 150. ‘ಸ್ತನ ಕ್ಯಾನ್ಸರ್ ಬೆಂಬಲ ಗುಂಪು’ ಅಂತ ಕನ್ನಡದಲ್ಲೇ ಹಾಳೆ ಅಚ್ಚು ಹಾಕಿಸಿ ಓಕ್ ಟ್ರೀ ರೋಡಿನ ಅಂಗಡಿಗಳಲ್ಲಿ ಅಂಟಿಸಿದೆ. ಬಂದವರು ಇಬ್ಬರು. ಒಬ್ಬಳು ನನ್ನ ಓರಗಿತ್ತಿ, ಅವಳಿಗೆ ಕಾಯಿಲೆಯೇ ಇಲ್ಲ. “ಆ ಹಾಳೆ ಮುಂದೆ ನಿಂತಿದ್ದನ್ನ ಯಾರಾದ್ರೂ ನೋಡಿದ್ರೆ ಮಗಳ ಮದುವೆ ಗತಿಯೇನು?” ಅಂತ ಒಬ್ಬರು ಆಮೇಲೆ ಹೇಳಿದರು.

ಮುಂದೆ ಅರಿಶಿನ ಕುಂಕುಮಕ್ಕೆ ಅಂತ ಕರೆದೆ. ಹನ್ನೊಂದು ಜನ ಬಂದರು. ಆದರೆ ಗಂಡ ತೀರಿಕೊಂಡ ಒಬ್ಬರು ಬಾಗಿಲಲ್ಲೇ ಚಪ್ಪಲಿ ಮೆಟ್ಟಿಕೊಂಡು ವಾಪಸ್ ಹೋದರು, ಮಂಗಳೂರಿನ ಮುಸ್ಲಿಂ ಹೆಣ್ಣುಮಗಳು ಬರಲೇ ಇಲ್ಲ. ನನ್ನ ಬುದ್ಧಿಗೇಡಿತನ. ಹೋದವರನ್ನು ಕರೆತರಲು ಅವರ ಮನೆಗೆ ಎರಡು ಸಲ ಅಲೆದೆ.

ಕೊನೆಗೆ ಗಿಟ್ಟಿದ್ದು ಅವರೆಕಾಯಿ. ಜನವರಿಯಲ್ಲಿ ಹತ್ತು ಪೌಂಡ್ ತಂದು, ಬೇಸ್‌ಮೆಂಟಲ್ಲಿ ಜಮಖಾನ ಹಾಸಿ, ‘ಸುಲಿಯೋಕೆ ಬನ್ನಿ’ ಅಂತಷ್ಟೇ ಫೋನ್ ಮಾಡಿದೆ. ಮುಖ ನೋಡಿ ಹೇಳಲಾಗದ್ದೆಲ್ಲ ಕಾಯಿ ನೋಡುತ್ತಾ ಹೊರಬಂತು. ಗಂಡನ ಕೆಲಸ ಹೋದರೆ ವೀಸಾನೂ ಇಲ್ಲ, ಇನ್ಶೂರೆನ್ಸೂ ಇಲ್ಲ, ಕೀಮೋ ಅರ್ಧಕ್ಕೇ ನಿಲ್ಲತ್ತೆ ಅಂತ ಗಂಡನ ಕೆಲಸದ ವೀಸಾಕ್ಕೆ ಅಂಟಿಕೊಂಡ ಎಚ್-4 ವೀಸಾದಲ್ಲಿರೋ ಹುಡುಗಿ ಅತ್ತಳು. ಹೊರಗೆ ಹಿಮ ಸುರಿಯುತ್ತಿದ್ದರೆ ಕ್ಯಾನ್ಸರ್ ಮರುಕಳಿಸದಿರಲಿ ಅಂತ ಟ್ಯಾಮಾಕ್ಸಿಫೆನ್ ಮಾತ್ರೆ ನುಂಗಿ ಮೈಯೆಲ್ಲ ಬಿಸಿಯೇರುವ ಇಬ್ಬರು ಬೀಸಣಿಗೆಗೆ ಕಿತ್ತಾಡಿದರು. ಕೀಮೋದಿಂದ ಬೆರಳ ತುದಿ ಜೋಮು ಹಿಡಿದವರಿಗೆ ಹುಳುಕು ಆರಿಸುವ ಕೆಲಸ ಕೊಟ್ಟೆ.

ಅಲ್ಲೇ ಹಿತಕಿದ ಬೇಳೆ ಸಾರು ಮಾಡಲು ಹೋಗಿ ಎಡವಿದೆ. ಒಗ್ಗರಣೆ ವಾಸನೆಗೆ ಮೂವರು ಬಚ್ಚಲಿಗೆ ಓಡಿದರು. ಈಗ ಕಾಳು ಕವರಿನಲ್ಲಿ ಅವರವರ ಮನೆಗೆ. ಕಾಫಿ ಸೇರಿ ಸಲಕ್ಕೆ 50 ಡಾಲರ್ ದಾಟಲ್ಲ. “ಅಜೆಂಡಾನೇ ಇಲ್ಲ, ಇದೆಂಥ ಗುಂಪು?” ಅಂದಿದ್ದ ಆಸ್ಪತ್ರೆಯ ಸೋಶಿಯಲ್ ವರ್ಕರ್ ಈಗ ತಾವೇ ಹೊಸಬರನ್ನು ಕಳಿಸುತ್ತಾರೆ. ಹೊಸಬರನ್ನು ಮೊದಲ ದಿನ ಯಾರ ಪಕ್ಕ ಕೂರಿಸುತ್ತೇನೆ ಅನ್ನುವುದರಲ್ಲಿ ಅರ್ಧ ಗೆಲುವಿದೆ. ಅದನ್ನು ಬರೆಯಲ್ಲ.

ನಡುವೆ ಇನ್ನೊಂದು ಹುಚ್ಚು. ಆಪರೇಷನ್ ಮಾಡಿ ಸ್ತನ ತೆಗೆದ ಕಡೆ ಬ್ಲೌಸಿನೊಳಗೆ ಹತ್ತಿ ತುರುಕಿದರೆ ಹಗುರ, ಮೇಲಕ್ಕೆ ಸರಿಯುತ್ತದೆ. ಕೂಸಿಗೆ ಸಾಸಿವೆ ದಿಂಬು ಹೊಲಿಯುವ ಹಾಗೆ ಚೀಲ ಹೊಲಿದು ಸಾಸಿವೆ ತುಂಬಿದೆ. ತೂಕಕ್ಕೆ ಸರಿಯಾಗಿ ಕೂತಿತು. ಮೊದಲನೆಯದನ್ನು ಒಬ್ಬರು ವಾಷಿಂಗ್ ಮೆಷಿನ್ನಿಗೆ ಹಾಕಿ ಲೋಳೆ ಮಾಡಿದರು. ಈಗ ಗುಂಡಿ ಇರುವ ಮೇಲ್ಚೀಲ ಹಾಕುತ್ತೇನೆ, ಅದನ್ನಷ್ಟೇ ಒಗೆದರಾಯಿತು. ಕಾಲು ಕೇಜಿಗಿಂತ ಸ್ವಲ್ಪ ಕಮ್ಮಿ ಸಾಸಿವೆ ಹಿಡಿಯುತ್ತದೆ. ಕತ್ತರಿಸುವ ಅಳತೆ ಮಾತ್ರ ಕೇಳಬೇಡಿ.