ಮಾದರಿ ರೈಲು ನಡುದಾರಿಯಲ್ಲಿ ನಿಲ್ಲದಂತೆ ವೈರಿಂಗ್ ಮಾಡುವುದು ಹೇಗೆ?

ಹೊಸ ಹಳಿಗಳನ್ನು ನೆಲದ ಮೇಲೆ ಜೋಡಿಸಿ ಎರಡು ವೈರ್ ಸಿಕ್ಕಿಸಿದರೆ ರೈಲು ಚೆನ್ನಾಗಿಯೇ ಓಡುತ್ತದೆ. ಅದೇ ಹಳಿಯನ್ನು ಹಲಗೆಗೆ ಕೂರಿಸಿ ಕೆಲವು ತಿಂಗಳು ಕಳೆಯಲಿ: ಹಳಿಗೆ ಕರೆಂಟ್ ಕೊಟ್ಟು ವೇಗ ನಿಯಂತ್ರಿಸುವ ಕಂಟ್ರೋಲರ್ ಹತ್ತಿರ ಎಂಜಿನ್ ಜೋರು, ಆಚೆ ತುದಿಯ ತಿರುವಿನಲ್ಲಿ ಕುಂಟು. ಕೂಡಲೇ ಎಂಜಿನ್ ಬಿಚ್ಚಲು ಹೋಗಬೇಡಿ. ಹಳಿಗೆ ಹಳಿ ಸೇರುವ ಕಡೆ ಇರುವ ಪುಟ್ಟ ತಗಡಿನ ಜಾಯ್ನರ್ ಮೇಲೆ ಮೊದಲು ಅನುಮಾನಪಡಿ. ಹಳಿಗಳನ್ನು ಒಂದೇ ಸಾಲಿನಲ್ಲಿ ಹಿಡಿದಿಡುವುದಷ್ಟೇ ಅದರ ಕೆಲಸ. ಕರೆಂಟ್ ಸಾಗಿಸುವ ಹೊಣೆಯನ್ನೂ ಅದಕ್ಕೇ ಹೊರಿಸಿದರೆ, ಕಿಲುಬು ಹಿಡಿದ ದಿನ ಕೈಕೊಡುತ್ತದೆ.

ಇಲ್ಲಿನ ಅಳತೆಗಳು ಎಚ್‌ಒ ಗಾತ್ರಕ್ಕೆ, ಅಂದರೆ 1:87 ಪ್ರಮಾಣ, ಹಳಿಗಳ ನಡುವೆ 16.5 ಮಿ.ಮೀ., 12 ವೋಲ್ಟ್ ಡಿ.ಸಿ.

ಹಲಗೆ ಮತ್ತು ಹಳಿ

2.4 × 1.2 ಮೀಟರ್ ಅಳತೆಯ 12 ಮಿ.ಮೀ. ಪ್ಲೈವುಡ್ ಸಾಕು. ಅದರಡಿ ಸುಮಾರು 40 ಸೆಂ.ಮೀ.ಗೊಂದರಂತೆ ಅಡ್ಡಪಟ್ಟಿ ಕೊಡಿ. ಪಟ್ಟಿಗಳಲ್ಲಿ ವೈರ್ ಹಾಯುವ ತೂತನ್ನು ಈಗಲೇ ಕೊರೆಯಿರಿ. ಆಮೇಲೆ ಹಲಗೆಯಡಿ ಮಲಗಿಕೊಂಡು ಕೊರೆದರೆ ಮರದ ಪುಡಿಯೆಲ್ಲ ಕಣ್ಣಿಗೆ. ಹಳಿಯ ಕೆಳಗೆ 5 ಮಿ.ಮೀ. ಕಾರ್ಕ್ ಹಾಸಿ. ತಿರುವಿನ ತ್ರಿಜ್ಯ ಕನಿಷ್ಠ 45 ಸೆಂ.ಮೀ. ಇರಲಿ, ಉದ್ದನೆಯ ಆರು ಅಚ್ಚಿನ ಎಂಜಿನ್ ಓಡಿಸುವುದಾದರೆ 55. ಮರ ಕುಗ್ಗುತ್ತದೆ, ಹಳಿ ಹಿಗ್ಗುತ್ತದೆ. ಹಾಗಾಗಿ ಜೋಡಣೆಗಳಲ್ಲಿ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಬಿಡಿ.

ದಪ್ಪ ವೈರ್ ಬೆನ್ನೆಲುಬು, ಸಣ್ಣ ವೈರ್ ಪಕ್ಕೆಲುಬು

ಕಂಟ್ರೋಲರ್‌ನಿಂದ 1.5 ಚದರ ಮಿ.ಮೀ.ನ ಎರಡು ತಾಮ್ರದ ವೈರ್, ಒಂದು ಕೆಂಪು, ಒಂದು ಕಪ್ಪು, ಹಲಗೆಯಡಿ ಹಳಿಯ ಜಾಡಿನಲ್ಲೇ ಸಾಗಲಿ. ಇದು ಬಸ್ ವೈರ್. ಹಳಿಯ ಪ್ರತಿ ತುಂಡಿನಿಂದ ಒಂದು ಜೊತೆ ಸಣ್ಣ ವೈರ್, ಅಂದರೆ ಫೀಡರ್, ಇಳಿದು ಇದನ್ನು ಸೇರಬೇಕು. ಫೀಡರ್‌ಗೆ 0.5 ಚದರ ಮಿ.ಮೀ. ಸಾಕು, ಉದ್ದ ಮಾತ್ರ 30 ಸೆಂ.ಮೀ. ಮೀರದಿರಲಿ. ಪ್ರತಿ ತುಂಡಿಗೂ ಬೇಕೇ ಎಂದು ಕೇಳುವವರಿದ್ದಾರೆ. ಬೇಕು. 1.5ರ ತಾಮ್ರದ ವೈರ್‌ನ ರೋಧ ಮೀಟರಿಗೆ ಸುಮಾರು 0.012 ಓಮ್. ಐದು ಮೀಟರ್ ದೂರಕ್ಕೆ ಹೋಗಿ ಬರುವ 10 ಮೀಟರ್‌ನಲ್ಲಿ, 1 ಆಂಪಿಯರ್ ಎಳೆಯುವ ಎಂಜಿನ್‌ಗೆ ನಷ್ಟವಾಗುವುದು 0.12 ವೋಲ್ಟ್ ಮಾತ್ರ. ಸಡಿಲವಾದ ಒಂದೇ ಜಾಯ್ನರ್ ಅದಕ್ಕಿಂತ ಹೆಚ್ಚು ನುಂಗಬಲ್ಲದು.

ಬೆಸುಗೆಯ ಕ್ರಮ ಹೀಗೆ:

1. ಹಳಿಯ ಹೊರಬದಿಗೆ ಅಂಟಿದಂತೆ 2 ಮಿ.ಮೀ. ತೂತು ಕೊರೆಯಿರಿ. ಒಳಬದಿಗೆ ಬೆಸೆದರೆ ಚಕ್ರದ ಅಂಚು ತಗುಲಿ ರೈಲು ಎಗರುತ್ತದೆ.
2. ಬೆಸೆಯುವ ಜಾಗವನ್ನು ಸಣ್ಣ ಅರದಿಂದ ಹೊಳೆಯುವವರೆಗೆ ಉಜ್ಜಿ.
3. ವೈರ್ ತುದಿಯನ್ನು 5 ಮಿ.ಮೀ. ಸುಲಿದು, ಬೆಸುಗೆ ಲೋಹ ಹತ್ತಿಸಿ, ಬಗ್ಗಿಸಿಕೊಳ್ಳಿ. ಹಳಿಗೂ ಒಂದು ಚುಕ್ಕೆ ಹತ್ತಿಸಿ.
4. ಎರಡನ್ನೂ ಒತ್ತಿ ಹಿಡಿದು 40 ವ್ಯಾಟ್ ಐರನ್ನನ್ನು ಎರಡು ಮೂರು ಸೆಕೆಂಡ್ ಇಡಿ. ಅಕ್ಕಪಕ್ಕದ, ಹಳಿಯನ್ನು ಹೊತ್ತ ಪ್ಲಾಸ್ಟಿಕ್ ಸ್ಲೀಪರ್‌ಗಳ ಮೇಲೆ ಒದ್ದೆ ಹತ್ತಿ ಇರಲಿ.

ಸ್ಲೀಪರ್ ಕರಗೀತೆಂದು ಹೆದರಿ ಕಡಿಮೆ ವ್ಯಾಟ್‌ನ ಐರನ್ ಹಿಡಿಯುವವರೇ ಹೆಚ್ಚು ಪ್ಲಾಸ್ಟಿಕ್ ಕರಗಿಸುತ್ತಾರೆ. ಅದನ್ನು ಹೆಚ್ಚು ಹೊತ್ತು ಇಡಬೇಕಾಗುತ್ತದೆ, ಅಷ್ಟರಲ್ಲಿ ಶಾಖ ಹಳಿಗುಂಟ ಹರಡಿಬಿಡುತ್ತದೆ. ರಾಳ ತುಂಬಿದ ಬೆಸುಗೆ ತಂತಿಯನ್ನೇ ಬಳಸಿ. ಆಸಿಡ್ ಫ್ಲಕ್ಸ್ ಹಳಿಯನ್ನು ತಿನ್ನುತ್ತದೆ.

ಎಂಜಿನ್‌ಗಳನ್ನು ಹಳಿಯಿಂದ ಎತ್ತಿ, ಕಂಟ್ರೋಲರ್ ಕಳಚಿ, ಒಂದೊಂದು ಫೀಡರ್ ಸೇರಿಸಿದಾಗಲೂ ಕೆಂಪು ಮತ್ತು ಕಪ್ಪು ಬಸ್ ವೈರ್‌ಗಳ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ. ಬೀಪ್ ಎಂದರೆ ಶಾರ್ಟ್, ತಪ್ಪು ಈಗಷ್ಟೇ ಹಾಕಿದ ಬೆಸುಗೆಯದು. ಎಲ್ಲ ಮುಗಿಸಿ ಕೊನೆಗೆ ನೋಡಿದರೆ ನಲವತ್ತು ಬೆಸುಗೆಗಳಲ್ಲಿ ಕಳ್ಳನನ್ನು ಹುಡುಕಬೇಕಾಗುತ್ತದೆ.

ಪಾಯಿಂಟ್ಸ್ ಮತ್ತು ಮರಳಿ ಸುತ್ತು

ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆಯೇ ಪಾಯಿಂಟ್ಸ್. ಅದರಲ್ಲಿ ಹಳಿಗಳು ಕವಲೊಡೆಯುವ ಕಡೆಯ ‘ವಿ’ ಆಕಾರದ ತುಂಡೇ ಫ್ರಾಗ್. ಅದು ಪ್ಲಾಸ್ಟಿಕ್ ಆಗಿದ್ದರೆ ವೈರಿಂಗ್ ಸುಲಭ, ಆದರೆ ಗಿಡ್ಡ ಎಂಜಿನ್ ಅಲ್ಲೇ ನಿಂತುಬಿಡಬಹುದು. ಲೋಹದ್ದಾದರೆ, ಫ್ರಾಗ್‌ನಿಂದ ಹೊರಡುವ ಎರಡೂ ಒಳಹಳಿಗಳಿಗೆ ಪ್ಲಾಸ್ಟಿಕ್ ಜಾಯ್ನರ್ ಹಾಕಿ, ಪಾಯಿಂಟ್ಸ್ ಜೊತೆಗೇ ತಿರುಗುವ ಸ್ವಿಚ್‌ನಿಂದ ಫ್ರಾಗ್‌ಗೆ ಕರೆಂಟ್ ಕೊಡಿ. ಎಂಜಿನ್ ಫ್ರಾಗ್ ಮುಟ್ಟಿದೊಡನೆ ಶಾರ್ಟ್ ಆದರೆ ಸ್ವಿಚ್‌ನ ಹೊರಗಿನ ಎರಡು ವೈರ್ ಅದಲುಬದಲು ಮಾಡಿದರಾಯಿತು.

ಹಳಿ ಸುತ್ತಿ ಬಂದು, ರೈಲು ಬಂದ ದಾರಿಗೇ ಮುಖಮಾಡುವಂತೆ ತನ್ನನ್ನೇ ಸೇರುವ ಕಡೆ, ಅಂದರೆ ಮರಳಿ ಸುತ್ತಿನಲ್ಲಿ, ಕೆಂಪು ಹಳಿ ಕಪ್ಪಿಗೆ ತಗಲುತ್ತದೆ. ಅಲ್ಲಿ ಅತಿ ಉದ್ದದ ರೈಲು ಪೂರ್ತಿ ಹಿಡಿಸುವಷ್ಟು ಭಾಗವನ್ನು, ಎರಡೂ ತುದಿಗಳಲ್ಲಿ ಎರಡೂ ಹಳಿಗೆ ಪ್ಲಾಸ್ಟಿಕ್ ಜಾಯ್ನರ್ ಹಾಕಿ ಬೇರ್ಪಡಿಸಿ. ಅದಕ್ಕೂ ಹೊರಗಿನ ದಾರಿಗೂ ಕೆಂಪು ಕಪ್ಪನ್ನು ಅದಲುಬದಲು ಮಾಡುವ ಆರು ಕಾಲಿನ ಸ್ವಿಚ್ ಬೇರೆ ಬೇರೆ ಬೇಕು. ರೈಲು ಒಳಗಿರುವಾಗ ತಿರುಗಿಸಬೇಕಾದ್ದು ಹೊರದಾರಿಯ ಸ್ವಿಚ್; ಸುತ್ತಿನದನ್ನು ತಿರುಗಿಸಿದರೆ ಡಿ.ಸಿ. ರೈಲು ಬಂದ ದಾರಿಗೇ ಹಿಂದಕ್ಕೆ ಹೊರಡುತ್ತದೆ.

ರೈಲು ನಿಂತಿತೇ?

ಯಾವಾಗಲೂ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ದೋಷ ಹಳಿಯದು. ಎಲ್ಲೆಂದರಲ್ಲಿ ನಿಂತರೆ ಚಕ್ರದ ಕೊಳೆ. ಹಳಿ ಮತ್ತು ಚಕ್ರವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಮರಳು ಕಾಗದ ಬೇಡವೇ ಬೇಡ. ಅದರ ಗೀರುಗಳಲ್ಲೇ ಮುಂದಿನ ಕೊಳೆ ಮನೆ ಮಾಡುತ್ತದೆ. ಹಳಿ ತಪ್ಪುವುದಕ್ಕೂ ಇದೇ ಲೆಕ್ಕ: ಒಂದೇ ಡಬ್ಬಿ ಎಗರಿದರೆ ಅದರ ಚಕ್ರಗಳ ಅಂತರ ನೋಡಿ, ಎಲ್ಲವೂ ಒಂದೇ ಕಡೆ ಎಗರಿದರೆ ಆ ಜೋಡಣೆಯ ಮೇಲೆ ಉಗುರು ಎಳೆದು ಏಣು ಹುಡುಕಿ.

ಮೀಟರ್ ಮಾತ್ರ ಇಟ್ಟು ವೋಲ್ಟೇಜ್ ಅಳೆದರೆ ಮೋಸಹೋಗುತ್ತೀರಿ. ಮೀಟರ್ ಎಳೆಯುವ ಕರೆಂಟ್ ಅತ್ಯಲ್ಪ. ಸಡಿಲ ಜೋಡಣೆಯೂ ಅದಕ್ಕೆ ಪೂರ್ತಿ 12 ವೋಲ್ಟ್ ತೋರಿಸುತ್ತದೆ. 12 ವೋಲ್ಟ್, 5 ವ್ಯಾಟ್‌ನ ಬಲ್ಬ್ ಒಂದನ್ನು ಎರಡೂ ಹಳಿಗೆ ತಾಗಿಸಿ, ಅದು ಉರಿಯುತ್ತಿರುವಾಗಲೇ ಅಳೆಯಿರಿ. ಕಂಟ್ರೋಲರ್ ಹತ್ತಿರಕ್ಕೂ ದೂರದ ತುದಿಗೂ ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ, ನಡುವಿನ ಒಂದೊಂದೇ ತುಂಡಿನ ಮೇಲೆ ಬಲ್ಬ್ ಸರಿಸುತ್ತಾ ಬನ್ನಿ. ಎಲ್ಲಿ ಸಂಖ್ಯೆ ಧಡಕ್ಕನೆ ಇಳಿಯುತ್ತದೋ ಆ ತುಂಡಿನ ಫೀಡರ್ ಬಿಟ್ಟುಹೋಗಿದೆ.