ಹುಣ್ಣುಬಿದ್ದ ಮೀನಿನ ಮಾದರಿ ತೆಗೆಯುವ ಕ್ರಮ

ಕೊರವ, ಮೃಗಾಲ್ ಮೀನುಗಳ ಮೈಮೇಲೆ ಕೆಂಪು ಹುಣ್ಣೆದ್ದರೆ ಅಫನೋಮೈಸಿಸ್ ಇನ್ವೇಡನ್ಸ್ ಎಂಬ ಶಿಲೀಂಧ್ರದಂಥ ರೋಗಾಣು ಇರಬಹುದು. ನೋಟದಿಂದಲೇ ತೀರ್ಮಾನಿಸಬೇಡಿ, ಪ್ರಯೋಗಾಲಯದಲ್ಲಿ ಪರೀಕ್ಷಿಸಿ.

ಸತ್ತ ಮೀನು ಬೇಡ, ಬೇಗ ಕೊಳೆಯುತ್ತದೆ. ನಿತ್ರಾಣಗೊಂಡು ಇನ್ನೂ ಉಸಿರಾಡುತ್ತಿರುವುದನ್ನೇ ಹಿಡಿದು, ನೋವಾಗದಂತೆ ಕೊಂದು, ತಕ್ಷಣ ಕತ್ತರಿಸಿ. ಹುಣ್ಣಿನ ನಡುವಿನ ಭಾಗದಲ್ಲಿ ಸತ್ತ ಮಾಂಸವೇ ಹೆಚ್ಚು. ಶಿಲೀಂಧ್ರದಂಥ ಎಳೆಗಳು ಸಿಗುವುದು ಅಂಚಿನಲ್ಲಿ. ಆದ್ದರಿಂದ ಹುಣ್ಣಿನ ಅಂಚು, ಪಕ್ಕದ ಆರೋಗ್ಯಕರ ಮಾಂಸ ಎರಡೂ ಸೇರುವಂತೆ, 1 ಸೆಂ.ಮೀ. ಮೀರದ ತುಂಡು ತೆಗೆಯಿರಿ. ಅದನ್ನು ಕೆಡದಂತೆ ಕಾಪಿಡುವ ಫಾರ್ಮಲಿನ್ ದ್ರಾವಣದಲ್ಲಿ ಹಾಕಿ; ದಪ್ಪವಾದರೆ ಫಾರ್ಮಲಿನ್ ಒಳಗಿಳಿಯದೆ ನಡುಭಾಗ ಕೊಳೆಯುತ್ತದೆ.

ಅಂಗಡಿಯ ಫಾರ್ಮಲಿನ್ 100 ಮಿ.ಲೀ.ಗೆ ನೀರು 900 ಮಿ.ಲೀ.; ತುಂಡಿನ ಹತ್ತು ಪಟ್ಟು ದ್ರಾವಣ ಇರಲಿ. ಕೈಗವಸು ಕಡ್ಡಾಯ. ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಗೆ ಮಾತ್ರ ಬೇರೆ ತುಂಡನ್ನು 95% ಎಥನಾಲ್‌ನಲ್ಲಿಡಿ, ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ. ಫಾರ್ಮಲಿನ್‌ನಲ್ಲಿಟ್ಟ ಅಂಗಾಂಶ ಪರೀಕ್ಷೆಯ ತುಂಡನ್ನು ಫ್ರೀಜರಿನಲ್ಲಿ ಇಡಲೇಬೇಡಿ: ಹಿಮದ ಹರಳು ಜೀವಕೋಶಗಳನ್ನು ಸೀಳುತ್ತದೆ.