ಗೇಟಿಗೆ ಬೀಗ ಇರಲಿಲ್ಲ

ಇಟ್ಟಿಗೆ ಗೂಡಿನಲ್ಲಿ ಜೀತಕ್ಕೆ ಸಿಕ್ಕಿಕೊಂಡ ಜನರನ್ನು ಬಿಡಿಸುವ ಕೆಲಸಕ್ಕೆ ನಾನು ಮೊದಲ ಸಲ ಹೋದದ್ದು 2017ರಲ್ಲಿ. ಬೆಂಗಳೂರಿನಿಂದ ಒಂದು ಗಂಟೆ ದಾರಿ. ಒಡಿಶಾದ ಬಲಾಂಗೀರ್ ಕಡೆಯ ಒಂಬತ್ತು ಕುಟುಂಬಗಳು. ಮೂರನೇ ದಿನ ಅವರನ್ನು ರೈಲು ಹತ್ತಿಸಿ, ಸಂಜೆ ನಾವೆಲ್ಲ ಸೇರಿ ಬಿರಿಯಾನಿ ತಿಂದೆವು. ಮುಂದಿನ ಸೀಸನ್‌ಗೆ ಅವರಲ್ಲಿ ನಾಲ್ಕು ಕುಟುಂಬಗಳು ಬೇರೊಂದು ರಾಜ್ಯದ ಗೂಡಿನಲ್ಲಿದ್ದವು. ಆ ಬಿರಿಯಾನಿ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ತಪ್ಪಾದದ್ದು ಇಷ್ಟೇ. ಇವರು ಜೀತದಿಂದ ಬಿಡುಗಡೆಯಾದವರು ಅಂತ ಅಧಿಕಾರಿ ಬರೆದುಕೊಡುವ ಬಿಡುಗಡೆ ಪತ್ರ ಕೈಗೆ ಬರುವ ಮೊದಲೇ ನಾವು ಅವರನ್ನು ಕಳಿಸಿಬಿಟ್ಟಿದ್ದೆವು. "ಆಮೇಲೆ ಪೋಸ್ಟ್‌ನಲ್ಲಿ ಬರುತ್ತೆ ಬಿಡಿ" ಅಂದರು, ನಂಬಿದೆವು. ಊರಿಗೆ ಹೋದವರ ಮನೆ ಬಾಗಿಲಿಗೆ ಅವರನ್ನು ಗೂಡಿಗೆ ಕರೆತಂದಿದ್ದ ದಲ್ಲಾಳಿ, ಸರ್ದಾರನೇ ಬಂದು ನಿಂತ. ಮುಂಗಡ ತೀರಿಲ್ಲ ಅಂದ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಆ ಸಾಲ ಸತ್ತುಹೋಗಿತ್ತು. ಆದರೆ ಅದನ್ನು ಸರ್ದಾರನ ಮುಖಕ್ಕೆ ಹಿಡಿಯಲು ಅವರ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಇನ್ನೊಂದು ತಪ್ಪು ತಿಂಗಳುಗಳಾದ ಮೇಲೆ ಗೊತ್ತಾಯಿತು. ಅವತ್ತು ಹೇಳಿಕೆ ಬರೆದುಕೊಳ್ಳುವಾಗ ಒಡಿಯಾ ಬರುವವರು ಯಾರೂ ಇರಲಿಲ್ಲ. ಗುಂಪಿನಲ್ಲಿದ್ದ ಒಬ್ಬ ಚುರುಕಿನ ಹುಡುಗ ಹಿಂದಿ, ಸ್ವಲ್ಪ ಕನ್ನಡ ಮಾತಾಡುತ್ತಿದ್ದ. ಅವನನ್ನೇ ಕೂರಿಸಿಕೊಂಡೆವು. ಅವನು ಸರ್ದಾರನ ಬಾಮೈದ! ಈಗ ನಾನು ಗೂಡಿಗೆ ಹೋಗುವ ಮೊದಲೇ ಭಾಷೆ ಬರುವವರೊಬ್ಬರನ್ನು ಹೊರಗಿನಿಂದ ಗೊತ್ತುಮಾಡಿಕೊಂಡಿರುತ್ತೇನೆ.

ಇಡೀ ಕೇಸು ನಿಲ್ಲುವುದು, ಬೀಳುವುದು ಆ ಹೇಳಿಕೆಯ ಮೇಲೆ. ಉಪವಿಭಾಗಾಧಿಕಾರಿಯೋ ತಹಶೀಲ್ದಾರರೋ ಮೊದಲು ಕೇಳುವ ಪ್ರಶ್ನೆ ಒಂದೇ: "ನಿಮ್ಮನ್ನು ಕೂಡಿಹಾಕಿದ್ದರಾ?" ಆ ಜನ ಪ್ರಾಮಾಣಿಕರು. "ಇಲ್ಲ ಸಾರ್, ಗೇಟಿಗೆ ಬೀಗ ಇರಲಿಲ್ಲ" ಅಂತಾರೆ. "ಹೊಡೀತಿದ್ರಾ?" "ಇಲ್ಲ." ಮುಗೀತು. ಜೀತ ಅಲ್ಲ, ಬರೀ ಕೂಲಿ ತಕರಾರು ಅಂತ ಬರೆದು ಫೈಲು ಮುಚ್ಚುತ್ತಾರೆ.

ಕಾಯ್ದೆ ಬೀಗದ ಬಗ್ಗೆ ಕೇಳುವುದೇ ಇಲ್ಲ. ಮುಂಗಡವೋ ಸಾಲವೋ ಇದೆಯಾ, ಅದರಿಂದಾಗಿ ಕನಿಷ್ಠ ಕೂಲಿ ಸಿಗದೇ ಹೋಯಿತಾ, ಬೇರೆ ಕಡೆ ಕೆಲಸಕ್ಕೆ ಹೋಗುವ ಅಥವಾ ಬೇಕಾದಲ್ಲಿ ಓಡಾಡುವ ಸ್ವಾತಂತ್ರ್ಯ ಹೋಯಿತಾ ಅಂತ ನೋಡುತ್ತದೆ. ಇವುಗಳಲ್ಲಿ ಒಂದಿದ್ದರೂ ಸಾಕು. ಸಾಲ ಜೀತದ್ದಲ್ಲ ಅಂತ ಸಾಬೀತು ಮಾಡುವ ಹೊರೆಯೂ 15ನೇ ಸೆಕ್ಷನ್ ಪ್ರಕಾರ ಮಾಲೀಕನದೇ.

ಹಾಗಂತ ಜನರಿಗೆ ಉತ್ತರ ಹೇಳಿಕೊಡಬಾರದು. ಅದು ತಪ್ಪು, ಕೋರ್ಟಿನಲ್ಲಿ ಬಯಲಾಗಿ ಎಲ್ಲರ ಮಾತೂ ಹಾಳಾಗುತ್ತದೆ. ನಾನು ಮಾಡುವುದು ಪ್ರಶ್ನೆ ಬದಲಿಸಿ ಎಂದು ಅಧಿಕಾರಿಯನ್ನು ಕೇಳಿಕೊಳ್ಳುವುದು. "ಊರಲ್ಲಿ ಯಾರಾದರೂ ತೀರಿಕೊಂಡಾಗ ಹೋಗಿದ್ದೆಯಾ?" ಅಂತ ಕೇಳಿ ಸಾರ್, ಅಂದೆ ಒಮ್ಮೆ. ಕೇಳಿದರು. ಒಬ್ಬ ಅಂದ: "ಅಪ್ಪ ಸತ್ತಾಗ ಹೋಗಿದ್ದೆ. ಹೆಂಡತಿ ಮಕ್ಕಳನ್ನು ಇಲ್ಲೇ ಬಿಟ್ಟು ಹೋಗು ಅಂದರು." ಅಧಿಕಾರಿ ಪೆನ್ನು ಕೆಳಗಿಟ್ಟರು. ಆಮೇಲಿನ ಪ್ರಶ್ನೆಗಳನ್ನೆಲ್ಲ ಅವರೇ ಕೇಳಿದರು. ವಾರಕ್ಕೆ ಖರ್ಚಿಗೆ ಎಷ್ಟು ಕೊಡುತ್ತಿದ್ದರು, ಸಾವಿರ ಇಟ್ಟಿಗೆಗೆ ಎಷ್ಟು, ಲೆಕ್ಕದ ಪುಸ್ತಕ ಯಾರ ಹತ್ತಿರ ಇರುತ್ತದೆ. ಪುಸ್ತಕ ಮಾಲೀಕನ ಹತ್ತಿರ. ಇನ್ನೇನು ಬೇಕು?

ನಮ್ಮೂರ ಕಡೆಯದೂ ಇದೇ ಕಥೆ ಅಲ್ವಾ? ಹಳೇ ಮೈಸೂರಿನ ಹಳ್ಳಿಗಳಲ್ಲಿ "ಜೀತಕ್ಕಿದ್ದೀಯಾ?" ಅಂದರೆ ಯಾರೂ ಹೂಂ ಅನ್ನಲ್ಲ. "ಸಂಬಳಕ್ಕಿದ್ದೀನಿ" ಅಂತಾರೆ. ವರ್ಷದ ಸಂಬಳ ಮೊದಲೇ ಅಪ್ಪ ತಗೊಂಡಾಗಿರುತ್ತದೆ, ಮಗ ದನ ಕಾಯುತ್ತಿರುತ್ತಾನೆ.

ಮುಂದಿನದು ಹೆಂಗಸರ ಹೆಸರು. ಬಲಾಂಗೀರ್ ಕಡೆ ಮುಂಗಡ ಕೊಡುವುದು ಒಬ್ಬನಿಗಲ್ಲ, ಒಂದು ಘಟಕಕ್ಕೆ. ಗಂಡ, ಹೆಂಡತಿ, ಜೊತೆಗೊಂದು ಮಗು ಸೇರಿ ಒಂದು ಪಥುರಿಯಾ. ಹಬ್ಬದ ಸಮಯದಲ್ಲಿ, ನುವಾಖಾಯಿ ಆಸುಪಾಸು, ಈ ಮುಂಗಡ, ಅಂದರೆ ದಾದನ್ ಹಣ, ಕೈಗೆ ಬರುತ್ತದೆ. ಮಣ್ಣು ತುಳಿಯುವವಳು ಅವಳು, ಇಟ್ಟಿಗೆ ಮಗುಚಿ ಹಾಕುವುದು ಮಗು. ಪಟ್ಟಿಯಲ್ಲಿ ಮಾತ್ರ ಗಂಡನ ಹೆಸರು! ನಾನು ಪ್ರತಿಯೊಬ್ಬರಿಗೂ ಬೇರೆ ಬೇರೆ ಬಿಡುಗಡೆ ಪತ್ರ ಕೊಡಿ ಅಂತ ಪಟ್ಟು ಹಿಡಿಯುತ್ತೇನೆ. ಕಾರಣ ಮರ್ಯಾದೆಯಷ್ಟೇ ಅಲ್ಲ, ದುಡ್ಡೂ ಹೌದು. 2016ರ ಕೇಂದ್ರ ಪುನರ್ವಸತಿ ಯೋಜನೆಯಲ್ಲಿ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ, ಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ. ಹೆಸರು ಬಿಟ್ಟರೆ ಇಷ್ಟೂ ಹೋಯಿತು.

ತಕ್ಷಣದ ನೆರವು ಬೇರೆ. ಮೊದಲು 20,000 ಇತ್ತು, ಈಗ 30,000 ರೂಪಾಯಿವರೆಗೆ. ಇದಕ್ಕಾಗಿಯೇ ಜಿಲ್ಲಾಧಿಕಾರಿಯ ಬಳಿ ಕನಿಷ್ಠ 10 ಲಕ್ಷದ ನಿಧಿ ಇರಬೇಕು ಅಂತ ಯೋಜನೆ ಹೇಳುತ್ತದೆ. "ಬಜೆಟ್ ಬಂದಿಲ್ಲ" ಅಂದಾಗ ನಾನು ಯೋಜನೆಯ ಆ ಪುಟದ ಜೆರಾಕ್ಸ್ ಮೇಜಿನ ಮೇಲೆ ಇಡುತ್ತೇನೆ. ಜಗಳ ಮಾಡುವುದಕ್ಕಿಂತ ಜೆರಾಕ್ಸ್ ಜಾಸ್ತಿ ಕೆಲಸ ಮಾಡುತ್ತದೆ.

ಪೊಲೀಸ್ ಠಾಣೆಯದು ಇನ್ನೊಂದು ಸುತ್ತು. ಜೀತ ಕಾಯ್ದೆಯ ಶಿಕ್ಷೆ ಅಂದರೆ 3 ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಗೂಡಿನ ಮಾಲೀಕನಿಗೆ 2,000 ಅಂದರೆ ಒಂದು ದಿನದ ಡೀಸೆಲ್ಲೂ ಅಲ್ಲ. ಅದಕ್ಕೆ ಎಫ್‌ಐಆರ್‌ನಲ್ಲಿ ಮಾನವ ಕಳ್ಳಸಾಗಣೆಯ ಸೆಕ್ಷನ್ನೂ ಸೇರಬೇಕು. 2013ರ ತಿದ್ದುಪಡಿಯ ನಂತರ ಅದು ಐಪಿಸಿ 370, ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 143. ಒಬ್ಬರಿಗಿಂತ ಹೆಚ್ಚು ಜನರನ್ನು ಸಾಗಿಸಿದ್ದರೆ ಕನಿಷ್ಠ 10 ವರ್ಷ.

"ಅವರೇ ಇಷ್ಟಪಟ್ಟು ರೈಲು ಹತ್ತಿ ಬಂದಿದ್ದಾರಲ್ಲಮ್ಮ, ಇದೆಂಥ ಸಾಗಣೆ?" ಅಂತ ಇನ್‌ಸ್ಪೆಕ್ಟರ್ ಕೇಳಿದರು. ಅದೇ ಸೆಕ್ಷನ್ನಿನ ಎರಡನೇ ವಿವರಣೆ ಓದಿದೆ: ಸಾಗಣೆ ನಡೆದಿದೆಯಾ ಅಂತ ತೀರ್ಮಾನಿಸುವಾಗ ಬಲಿಪಶುವಿನ ಒಪ್ಪಿಗೆ ಮುಖ್ಯವಲ್ಲ. ಆಮೇಲೆ ಅವರು 'ಬಲವಂತದ ದುಡಿಮೆ' ಅನ್ನುವ ಪದ ಅಲ್ಲಿ ಎಲ್ಲಿದೆ ತೋರಿಸಿ ಅಂದರು. ಚಾಲಾಕಿ ಪ್ರಶ್ನೆ. ಆ ಪದ ನಿಜಕ್ಕೂ ಇಲ್ಲ. ಗುಲಾಮಗಿರಿ ಮತ್ತು ಅದರಂಥ ಪದ್ಧತಿಗಳು ಅಂತ ಇದೆ, ಜೀತ ಅದರಲ್ಲೇ ಬರುತ್ತದೆ ಅಂತ ವಾದಿಸಬೇಕು. ಸಂತ್ರಸ್ತರ ರಕ್ಷಣೆಯನ್ನೂ ಪುನರ್ವಸತಿಯನ್ನೂ ಒಟ್ಟಿಗೆ ತರುವ ಮಸೂದೆಯೊಂದು 2018ರಲ್ಲಿ ಲೋಕಸಭೆ ದಾಟಿತ್ತು. ರಾಜ್ಯಸಭೆಗೆ ಹೋಗಲಿಲ್ಲ, 2019ರಲ್ಲಿ ಬಿದ್ದುಹೋಯಿತು. 2021ರಲ್ಲಿ ಇನ್ನೊಂದು ಕರಡು ಬಂತು. ನಾವು ಮಾತ್ರ ಹಳೇ ಸೆಕ್ಷನ್ನುಗಳನ್ನೇ ಹೊಲಿದುಕೊಂಡು ಓಡಾಡುತ್ತಿದ್ದೇವೆ.

ಈ ಸಲದ ಕೇಸಿನಲ್ಲಿ ಹನ್ನೊಂದು ದಿನ ಕಾದೆವು. ಸಮುದಾಯ ಭವನದಲ್ಲಿ ಊಟ, ಮಕ್ಕಳಿಗೆ ಜ್ವರ, ಊರಿಗೆ ಹೋಗಬೇಕು ಅಂತ ದಿನಾ ಗಲಾಟೆ. ಒಬ್ಬ ಅಜ್ಜಿಯಂತೂ ನನ್ನನ್ನೇ ಹೊಸ ಮಾಲೀಕಳು ಅಂದುಕೊಂಡಿದ್ದಳು. ಆದರೂ ಪತ್ರ ಬರುವವರೆಗೆ ಯಾರನ್ನೂ ರೈಲು ಹತ್ತಿಸಲಿಲ್ಲ. ಪ್ರತಿ ಪತ್ರವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಹೆಸರಿನ ಕಾಗುಣಿತ ಆಧಾರ್ ಜೊತೆ ತಾಳೆ ನೋಡಿ ಕೊಟ್ಟೆವು. ಒಂದು ಅಕ್ಷರ ತಪ್ಪಿದರೂ ಬ್ಯಾಂಕಿನಲ್ಲಿ ಹಣ ನಿಲ್ಲುತ್ತದೆ.

ತಕ್ಷಣದ ನೆರವು ಎಲ್ಲರ ಖಾತೆಗೂ ಬಂದಿದೆ. ಲಕ್ಷದ ಲೆಕ್ಕದ ಹಣ ಬಂದಿಲ್ಲ. ಪೂರ್ತಿ ಕೈಗೆ ಸಿಗಬೇಕಾದರೆ ಜೀತ ಸಾಬೀತಾಗಬೇಕು. ಅದಕ್ಕೆ ಅವರು ಬಂದು ಸಾಕ್ಷಿ ಹೇಳಬೇಕು. ಮುಂದಿನ ತಿಂಗಳು ದಿನಾಂಕ ಕೊಟ್ಟಿದ್ದಾರೆ. ಬಲಾಂಗೀರ್ ಜಿಲ್ಲೆಯ ಕಾಂಟಾಬಾಂಜಿಯಿಂದ ಆರು ಜನಕ್ಕೆ ಟಿಕೆಟ್ ಮಾಡಿಸಬೇಕು, ವೇಟಿಂಗ್ ಲಿಸ್ಟ್ ತೋರಿಸುತ್ತಿದೆ.